ಟೇಲ್ ಎಂಡ್‌ವರೆಗೂ ಮುಟ್ಟುವ ಸಂಸ್ಕೃತಿ ಯೋಜನೆ

ಹಿಡಕಲ್ ಡ್ಯಾಮಿನ ಅಂಕಿ-ಅಂಶ ಸಿವಿಲ್ ಬ್ರಾಂಚಿನವರಿಗೆ ಬಾಯಿಪಾಠ ಇರಬಹುದು. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಪೂರ್ಣಗೊಂಡಿತು. ಪೂರ್ಣ ಮಟ್ಟ 2175 ಅಡಿ, ಸಂಗ್ರಹ ಸುಮಾರು 51 ಟಿಎಂಸಿ. ಆದರೆ ಡ್ಯಾಮು ತುಂಬಿದ ಮಾತ್ರಕ್ಕೆ ಎಲ್ಲರ ಹೊಲಕ್ಕೂ ನೀರು ಬಂತು ಅಂತ ಹೇಳೋಕಾಗಲ್ಲ. ಕಾಲುವೆಯ ತುದಿಯಲ್ಲಿರುವ ರೈತನನ್ನು ಕೇಳಿ ನೋಡ್ರಿ, ಟೇಲ್ ಎಂಡ್ ಅಂದರೆ ಏನು ಅಂತ ಆತ ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳ್ತಾನೆ.

ದೇಶದ ಕಲೆ-ಸಂಸ್ಕೃತಿಯ ಯೋಜನೆಗೂ ಇದೇ ತೊಂದರೆ ಇದೆ. ಈ ಪಾಠದಲ್ಲಿ ಅದನ್ನೇ ನೋಡೋಣ.

ಮೇಲಿನಿಂದ ಬಂದದ್ದು

ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರ 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯನ್ನೂ, 1954ರಲ್ಲಿ ಸಾಹಿತ್ಯ ಅಕಾಡೆಮಿ ಮತ್ತು ಲಲಿತಕಲಾ ಅಕಾಡೆಮಿಗಳನ್ನೂ ಆರಂಭಿಸಿತು. ಇವುಗಳ ಕೆಲಸ ಹೇಗೆ ನಡೆದಿದೆ ಎಂದು ಪರಿಶೀಲಿಸಿ ಪಿ. ಎನ್. ಹಕ್ಸರ್ ಸಮಿತಿ 1990ರಲ್ಲಿ ವರದಿ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಾಂಸ್ಕೃತಿಕ ನೀತಿಯ ವರದಿ ಸಲ್ಲಿಸಿತು. ಬಯಲಾಟಕ್ಕೇ ಒಂದು ಅಕಾಡೆಮಿ ಬಾಗಲಕೋಟೆಯಲ್ಲಿದೆ. ಇವೆಲ್ಲ ಬೇಕಾದವೇ. ಡ್ಯಾಮು ಇಲ್ಲದೆ ಕಾಲುವೆ ಎಲ್ಲಿಯದು?

ಪ್ರಶ್ನೆ ಇರೋದು ತುದಿಯಲ್ಲಿ. ನಮ್ಮದೇ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ತೆಗೆದುಕೊಳ್ಳಿ. ನಾರದ ತಂದ ಒಂದು ಹೂವಿನಿಂದ ರುಕ್ಮಿಣಿ-ಸತ್ಯಭಾಮೆಯರ ನಡುವೆ ಹುಟ್ಟುವ ಜಗಳದ ಕಥೆ ಅದು. ಈ ಆಟದ ಜೊತೆ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಎಂಬ ಎರಡು ಹೆಸರು ಅಂಟಿಕೊಂಡಿವೆ. ಎರಡೂ ಊರು ಇಲ್ಲೇ ಇವೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಇಂಥ ಆಟಗಳನ್ನು ನೋಡುತ್ತ ಬೆಳೆದು, ಬಯಲಾಟದ ಕಸುವನ್ನು ಆಧುನಿಕ ನಾಟಕಕ್ಕೆ ತಂದರು. ಅಂದರೆ ನಮ್ಮ ಟೇಲ್ ಎಂಡ್ ಬರೀ ಪಡೆಯುವ ಜಾಗ ಅಲ್ಲ, ಇಲ್ಲಿಂದ ಮೇಲಕ್ಕೂ ಹರಿದಿದೆ.

ಸರಪಳಿಯ ಲೆಕ್ಕ

ಒಂದು ಪಾರಿಜಾತ ನಡೆಯಬೇಕಾದರೆ ಏನೇನು ಬೇಕು? ಊರವರು ಪಟ್ಟಿ ಹಾಕಿ ರೊಕ್ಕ ಕೂಡಿಸಬೇಕು, ಮೇಳಕ್ಕೆ ವೀಳ್ಯ ಕೊಡಬೇಕು. ಭಾಗವತ ಬೇಕು, ಪಾತ್ರಧಾರಿಗಳು ಬೇಕು, ಹಾರ್ಮೋನಿಯಂ-ತಬಲಾದವರು ಬೇಕು. ವೇಷದ ಸಾಮಾನು ಬೇಕು. ರಾತ್ರಿಯೆಲ್ಲ ಕೂತು ನೋಡುವ ಜನ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಯುವ ಹುಡುಗ-ಹುಡುಗಿಯರು ಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಆಟ ನಿಲ್ತದೆ.

ಹಿರಿಯ ಕಲಾವಿದರಿಗೆ ಮಾಸಾಶನ, ಪ್ರಶಸ್ತಿ ಕೊಡುವುದು ನ್ಯಾಯವೇ. ಆದರೆ ಅದರಿಂದ ಒಬ್ಬ ವ್ಯಕ್ತಿಗೆ ಆಸರೆ ಸಿಗ್ತದೆ, ಸರಪಳಿಗೆ ಸಿಗಲ್ಲ. ಭಾಮೆಯ ಪಾತ್ರ ಮಾಡಿದವರಿಗೆ ಶಾಲು ಹೊದಿಸಿದೆವು, ಆ ಪದಗಳನ್ನು ಕಲಿತವರು ಯಾರೂ ಉಳಿಯಲಿಲ್ಲ ಅಂದರೆ ಏನು ಬಂತು? ಯೋಜನೆಯನ್ನು ಮೇಲಿನಿಂದ ಮಾತ್ರ ಮಾಡಿದಾಗ ಎಣಿಸಲು ಸುಲಭವಾದದ್ದು ಲೆಕ್ಕಕ್ಕೆ ಬರ್ತದೆ, ಕೊಂಡಿಗಳು ಬಿಟ್ಟುಹೋಗ್ತವೆ.

ನೀರಾವರಿ ಕಲಿತ ಪಾಠ

ನೀರಾವರಿಯವರಿಗೆ ಈ ಸಮಸ್ಯೆ ಮೊದಲೇ ಎದುರಾಗಿತ್ತು. ಕಾಲುವೆ ಕಟ್ಟಿದ ಇಲಾಖೆಯೇ ಕೊನೆಯ ಹೊಲದ ತನಕ ಎಲ್ಲವನ್ನೂ ನೋಡಿಕೊಳ್ಳಲು ಆಗಲ್ಲ. ಅದಕ್ಕೇ 2000ದಲ್ಲಿ ಕರ್ನಾಟಕದ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟರು. ನೀರು ಹಂಚುವುದರಲ್ಲಿ, ಕಾಲುವೆ ನೋಡಿಕೊಳ್ಳುವುದರಲ್ಲಿ ರೈತರಿಗೂ ಪಾಲು ಬಂತು.

ಕಲೆಯ ವಿಷಯದಲ್ಲಿ ಇಂಥ ಪಾಲನ್ನೇ ನಾಗರಿಕ ಸಮಾಜದ ಯೋಜನೆ ಅನ್ನುತ್ತೇವೆ. ನಾಗರಿಕ ಸಮಾಜ ಅಂದರೆ ಸರ್ಕಾರವೂ ಅಲ್ಲದ, ಅಂಗಡಿಯೂ ಅಲ್ಲದ ಜನರ ಕೂಟ: ಮೇಳ, ಜಾತ್ರಾ ಕಮಿಟಿ, ಯುವಕ ಮಂಡಳ, ಮಹಿಳಾ ಸಂಘ, ನಮ್ಮ ಕನ್ನಡ ಸಂಘ ಕೂಡ. 2003ರ ಯುನೆಸ್ಕೊ ಒಪ್ಪಂದ, ಅಮೂರ್ತ ಪರಂಪರೆಯನ್ನು ಕಾಯುವ ಕೆಲಸದಲ್ಲಿ ಅದನ್ನು ಕಟ್ಟಿ ಉಳಿಸುವ ಸಮುದಾಯಗಳೇ ಆದಷ್ಟು ಹೆಚ್ಚು ಪಾಲ್ಗೊಳ್ಳಬೇಕು ಎನ್ನುತ್ತದೆ. ಭಾರತ ಅದನ್ನು 2005ರಲ್ಲಿ ಒಪ್ಪಿಕೊಂಡಿದೆ.

ನಮ್ಮ ನಾಡಿಗೆ ಇದು ಹೊಸದೇನಲ್ಲ. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ, 1890ರಲ್ಲಿ ಧಾರವಾಡದ ಜನ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಅತ್ತ ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ. ವಿ. ಸುಬ್ಬಣ್ಣ ಅವರ ಮುಂದಾಳುತನದಲ್ಲಿ ಹಳ್ಳಿಯಲ್ಲೇ ರಂಗಶಿಕ್ಷಣ ಕೇಂದ್ರ ಮಾಡಿತು. 1985ರಿಂದ ‘ತಿರುಗಾಟ’ದ ಮೂಲಕ ಊರೂರಿಗೆ ನಾಟಕ ಒಯ್ದಿತು. ಕಲಿಸುವವರು, ಆಡುವವರು, ನೋಡುವವರು ಮೂರನ್ನೂ ಒಟ್ಟಿಗೆ ಯೋಚಿಸಿದ್ದಕ್ಕೇ ಅದು ನಿಂತಿತು.

ಒಂದು ಎಚ್ಚರ

ಕಾಲುವೆಯ ಮೇಲ್ಭಾಗದವರೇ ಸಂಘದ ಕುರ್ಚಿ ಹಿಡಿದರೆ ಟೇಲ್ ಎಂಡ್‌ಗೆ ಮತ್ತೆ ನೀರಿಲ್ಲ. ಹಾಗೆಯೇ ಕಲೆಯ ಸಭೆಯಲ್ಲಿ ಮೈಕು ಹಿಡಿಯುವವರು ಭಾಷಣಕಾರರಷ್ಟೇ ಆದರೆ, ಹಿಮ್ಮೇಳದವರ, ಕಲಾವಿದೆಯರ, ಬಡ ಸಮುದಾಯಗಳ ಮಾತು ಕಡತಕ್ಕೆ ಬರಲ್ಲ. ಆದ್ದರಿಂದ ಯಾರು ಸಭೆಗೆ ಬಂದಿಲ್ಲ ಅನ್ನೋದನ್ನೂ ಬರೆದಿಡಬೇಕು.

ನಾವು ಮಾಡಬಹುದಾದದ್ದು

ಯಾವ ಪ್ರಾಜೆಕ್ಟ್ ಆದರೂ ಸರ್ವೇಯಿಂದ ಶುರು. ಈ ರಜೆಯಲ್ಲಿ ನಿಮ್ಮ ಊರಿನ ಒಂದು ಕಲೆ ಆರಿಸಿಕೊಳ್ಳಿ. ಐದೇ ಪ್ರಶ್ನೆ ಕೇಳಿ:

1. ಹೋದ ವರ್ಷ ಎಷ್ಟು ಆಟ ಆದವು?
2. ಖರ್ಚು ಎಷ್ಟು, ಕೊಟ್ಟವರು ಯಾರು?
3. ಈಗ ಕಲಿಯುತ್ತಿರುವವರು ಎಷ್ಟು ಜನ, ಅವರ ವಯಸ್ಸೆಷ್ಟು?
4. ಯಾವ ಕೊಂಡಿ ಮೊದಲು ಕಳಚುವ ಹಾಗಿದೆ?
5. ಸರ್ಕಾರದಿಂದ ಒಂದೇ ಒಂದು ಕೇಳುವುದಾದರೆ ಏನು ಕೇಳ್ತೀರಿ?

ರೆಕಾರ್ಡ್ ಮಾಡುವ ಮೊದಲು ಕಲಾವಿದರ ಒಪ್ಪಿಗೆ ಪಡೆಯಿರಿ, ಒಂದು ಪ್ರತಿ ಅವರಿಗೇ ಕೊಡಿ. ಇಂಥ ಹತ್ತು ಊರಿನ ಉತ್ತರ ಕೂಡಿದರೆ ಅದೊಂದು ತಾಲೂಕಿನ ಯೋಜನೆಗೆ ತಳಪಾಯ. ಪಂಚಾಯತಿಗೆ, ಅಕಾಡೆಮಿಗೆ, ಆಮೇಲೆ ದಿಲ್ಲಿಗೂ ಕಳಿಸಬಹುದಾದ ಕಾಗದ. ಐದನೇ ಪ್ರಶ್ನೆಗೆ ಬಂದ ಉತ್ತರವನ್ನು ಮಾತ್ರ ತಿದ್ದಬೇಡಿ, ಅವರು ಹೇಳಿದ ಮಾತಿನಲ್ಲೇ ಬರೆಯಿರಿ.