ಶಸ್ತ್ರಚಿಕಿತ್ಸೆಗೆ ಮುನ್ನ

ಶಸ್ತ್ರಚಿಕಿತ್ಸೆ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಕಳವಳಗೊಳ್ಳುವುದು ಸಹಜ. ಆ ಕಳವಳದಲ್ಲಿ ಒಪ್ಪಿಗೆ ಪತ್ರವನ್ನು ಓದದೆಯೇ ರುಜು ಹಾಕುವವರುಂಟು. ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂದು ಸುಮ್ಮನಿರುವವರೂ ಉಂಟು. ಈ ಎರಡೂ ಸರಿಯಲ್ಲ.

ಶಸ್ತ್ರವಿದ್ಯೆ ಭಾರತಕ್ಕೆ ಹೊಸದಲ್ಲ. ಕತ್ತರಿಸಿಹೋದ ಮೂಗನ್ನು ಮರಳಿ ರೂಪಿಸುವ ವಿಧಾನವನ್ನು ಸುಶ್ರುತ ಸಂಹಿತೆಯು ವಿವರಿಸಿದೆ. ಶಿಷ್ಯರು ಮೊದಲು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಕೈ ಪಳಗಿಸಿಕೊಳ್ಳಬೇಕೆಂದೂ ಅದು ವಿಧಿಸಿದೆ. ಆದರೆ ನೋವು ಮತ್ತು ನಂಜು ಎಂಬ ಎರಡು ಶತ್ರುಗಳು ಬಹುಕಾಲ ಶಸ್ತ್ರವೈದ್ಯರನ್ನು ಕಾಡಿದವು. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬುವನು ಈಥರಿನ ಆವಿಯಿಂದ ರೋಗಿಯ ಅರಿವಳಿಸಿ ತೋರಿಸಿದನು. ಕಾರ್ಬಾಲಿಕ್ ಆಮ್ಲದಿಂದ ಗಾಯವು ನಂಜಾಗದಂತೆ ತಡೆಯಬಹುದೆಂದು 1867ರಲ್ಲಿ ಜೋಸೆಫ್ ಲಿಸ್ಟರನು ಪ್ರಕಟಿಸಿದನು.

ಕೊಯ್ಯುವುದು, ಹೊಲಿಯುವುದು ಇಷ್ಟೇ ಶಸ್ತ್ರವೈದ್ಯರ ಕೆಲಸವಲ್ಲ. ಎಲ್ಲಿ ಕೊಯ್ಯಬಾರದೆಂದು ತಿಳಿಯುವುದೂ ಅವರ ವಿದ್ಯೆಯೇ. ಒಡೆದ ಅಪೆಂಡಿಕ್ಸಿನ ಚಿಕಿತ್ಸೆಗೆ ತಡಮಾಡುವಂತಿಲ್ಲ. ತೊಂದರೆ ಕೊಡದ ಪಿತ್ತಕೋಶದ ಕಲ್ಲನ್ನು ಹಲವೊಮ್ಮೆ ಹಾಗೆಯೇ ಬಿಟ್ಟು ಗಮನಿಸುತ್ತಾರೆ.

ನುರಿತ ವೈದ್ಯರೂ ಮನುಷ್ಯರೇ. ಮರೆವು ಅವರಿಗೂ ಉಂಟು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಸುರಕ್ಷತಾ ಪಟ್ಟಿಯೊಂದನ್ನು ಹೊರತಂದಿತು. ಅರಿವಳಿಕೆ ನೀಡುವ ಮುನ್ನ, ಚರ್ಮವನ್ನು ಕೊಯ್ಯುವ ಮುನ್ನ, ರೋಗಿಯನ್ನು ಕೊಠಡಿಯಿಂದ ಹೊರಗೊಯ್ಯುವ ಮುನ್ನ, ಹೀಗೆ ಮೂರು ಬಾರಿ ವೈದ್ಯರೂ ದಾದಿಯರೂ ಕ್ಷಣಕಾಲ ನಿಂತು ಪರಸ್ಪರ ಪ್ರಶ್ನಿಸಿಕೊಳ್ಳಬೇಕು. ಈ ರೋಗಿ ಯಾರು? ಕೊಯ್ಯಬೇಕಾದ ಭಾಗ ಯಾವುದು? ಬಳಸಿದ ಉಪಕರಣಗಳ ಲೆಕ್ಕ ಸರಿಯಾಗಿದೆಯೇ? ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಕ್ರಮವನ್ನು ಪಾಲಿಸಿದಾಗ ಮರಣದ ಪ್ರಮಾಣವು ಶೇಕಡ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಬಲ್ಲವರೇ ಹೀಗೆ ಪ್ರಶ್ನಿಸಿಕೊಳ್ಳುವಾಗ, ರೋಗಿಯು ಪ್ರಶ್ನಿಸುವುದು ಅವಿನಯವಾಗುವುದೆಂತು?

ಪ್ರಶ್ನಿಸುವುದು ರೋಗಿಯ ಹಕ್ಕೂ ಹೌದು. ಮಹಿಳೆಯೊಬ್ಬರು ರೋಗಪರೀಕ್ಷೆಗೆಂದು ಒಪ್ಪಿ ಅರಿವಳಿಕೆಗೆ ಒಳಗಾಗಿದ್ದಾಗ, ಅವರು ಎಚ್ಚರಗೊಳ್ಳುವವರೆಗೆ ಕಾಯದೆ, ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶವನ್ನು ತೆಗೆಯಲಾಗಿತ್ತು. ಪರೀಕ್ಷೆಗೆ ನೀಡಿದ ಒಪ್ಪಿಗೆಯು ಚಿಕಿತ್ಸೆಗೆ ನೀಡಿದ ಒಪ್ಪಿಗೆಯಾಗದು, ಪ್ರಾಣಾಪಾಯವಿಲ್ಲದಾಗ ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು.

ಹಾಗಾದರೆ ರೋಗಿಯು ಕೇಳಬೇಕಾದುದೇನು? ಈ ಚಿಕಿತ್ಸೆ ಏಕೆ ಬೇಕು? ಬೇರೆ ಉಪಾಯವುಂಟೇ? ಇದರಿಂದ ಆಗುವ ಪ್ರಯೋಜನವೇನು, ಅಪಾಯವೇನು? ಮಾಡಿಸದಿದ್ದರೆ ಏನಾದೀತು? ಯಾವ ಬಗೆಯ ಅರಿವಳಿಕೆ ಕೊಡುತ್ತಾರೆ? ಚೇತರಿಸಿಕೊಳ್ಳಲು ಎಷ್ಟು ದಿನ ಬೇಕು? ಖರ್ಚೆಷ್ಟು?

ಕೇಳುವಂತೆಯೇ ಹೇಳುವುದೂ ಅಗತ್ಯ. ಸೇವಿಸುತ್ತಿರುವ ಔಷಧಗಳು, ಒಗ್ಗದ ಮದ್ದು, ಸಕ್ಕರೆ ಕಾಯಿಲೆ, ತಂಬಾಕಿನ ಚಟ ಯಾವುದನ್ನೂ ಮರೆಮಾಚಬಾರದು. ಉಪವಾಸವಿರಲು ಹೇಳಿದಾಗ ಗುಟ್ಟಾಗಿ ತಿಂದರೆ, ಅರಿವಳಿದ ವೇಳೆಯಲ್ಲಿ ಹೊಟ್ಟೆಯ ಆಹಾರವು ಮೇಲೇರಿ ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಸಂಚಕಾರವಾದೀತು.

ಅರಿವಳಿಕೆಯ ನಿದ್ರೆಯಲ್ಲಿ ರೋಗಿಯು ಮಾತನಾಡಲಾರ. ಆದುದರಿಂದ ಆಡಬೇಕಾದ ಮಾತನ್ನು ಎಚ್ಚರವಿರುವಾಗಲೇ ಆಡಬೇಕು. ತಿಳಿದು ಹಾಕಿದ ರುಜುವಿಗೆ ಮಾತ್ರ ಒಪ್ಪಿಗೆ ಎಂಬ ಹೆಸರು ಸಲ್ಲುತ್ತದೆ.