ಕವಚ ಧರಿಸಿದ ಯೋಧನ ರೈಫಲು

ತುಂಗಭದ್ರೆಯ ದಡದಲ್ಲಿರುವ ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ದಂಡನಾಯಕ ಪೋಲಾಳ್ವ. ಮೈಯನ್ನು ಕಾಯುವ ಸಾಧನದ ಭಾರವನ್ನು ಹೊತ್ತೂ ಆಯುಧವು ಕೈಗೆಟಕುವಂತೆ ಇರಿಸಿಕೊಳ್ಳುವುದು ಹೇಗೆಂಬುದು ಆ ಕಾಲದ ಯೋಧನಿಗೂ ಇದ್ದ ಪ್ರಶ್ನೆ. ಅದಕ್ಕಾಗಿಯೇ ಬತ್ತಳಿಕೆ ಬೆನ್ನನ್ನೇರಿತು, ಕತ್ತಿ ಸೊಂಟವನ್ನು ಸೇರಿತು. ಎಂಟು ಶತಮಾನಗಳು ಕಳೆದರೂ ಆ ಪ್ರಶ್ನೆ ಉಳಿದಿದೆ. ಆಯುಧ ಮಾತ್ರ ಬದಲಾಗಿದೆ.

ಗಣರಾಜ್ಯೋತ್ಸವದಂದು ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಯುವ ಕವಾಯತನ್ನು ನೀವು ನೋಡಿರಬಹುದು. ಅಲ್ಲಿ ರೈಫಲನ್ನು ಹಿಡಿಯುವ ರೀತಿ ಶಿಸ್ತಿನ, ಗೌರವದ ಭಂಗಿ. ರಣಭೂಮಿಯ ಅಗತ್ಯವೇ ಬೇರೆ. ಹೆಗಲಿನ ಹಿಂದೆ ತೂಗುಬಿಟ್ಟ ರೈಫಲನ್ನು ಇಳಿಸಿ ಗುರಿಯಿಡುವಷ್ಟರಲ್ಲಿ ಪ್ರಾಣವನ್ನುಳಿಸುವ ಕ್ಷಣಗಳು ಕಳೆದುಹೋಗುತ್ತವೆ.

ಇಂದಿನ ಯೋಧನು ಗುಂಡುನಿರೋಧಕ ಕವಚವನ್ನು ಧರಿಸುತ್ತಾನೆ. ಭಾರತೀಯ ಸೇನೆಗಾಗಿ ಇಂತಹ 1,86,000 ಕವಚಗಳ ಖರೀದಿಗೆ 2018ರಲ್ಲಿ ಒಪ್ಪಂದವಾಯಿತು. ಕವಚದ ಬಿರುಸಾದ ಫಲಕವು ಗುಂಡಿನ ಮೊನೆಯನ್ನು ಒಡೆಯುತ್ತದೆ. ಅದರ ಹಿಂದಿನ ನಾರಿನ ಪದರಗಳು ಚೂರುಗಳನ್ನು ತಡೆದು ನಿಲ್ಲಿಸುತ್ತವೆ. ಆದರೆ ಕವಚದ ದಪ್ಪದಿಂದಾಗಿ ರೈಫಲಿನ ಹಿಂತುದಿಯು ಹೆಗಲಿನಿಂದ ಮುಂದಕ್ಕೆ ಸರಿಯುತ್ತದೆ. ಆದುದರಿಂದ ಈಗಿನ ಹಲವು ರೈಫಲುಗಳಲ್ಲಿ ಹಿಂತುದಿಯ ಉದ್ದವನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡಿದೆ.

ಹೆಗಲಿಗೆ ಹಾಕಿದ ಪಟ್ಟಿಯು ಕವಚದ ಮೇಲೆ ಜಾರುವುದು ಇನ್ನೊಂದು ತೊಡಕು. ಅದಕ್ಕಾಗಿ ಯೋಧನು ಪಟ್ಟಿಯನ್ನು ಜನಿವಾರದಂತೆ ಓರೆಯಾಗಿ ಧರಿಸಿ, ನಳಿಗೆ ಕೆಳಮುಖವಾಗಿರುವಂತೆ ರೈಫಲನ್ನು ಎದೆಯ ಮುಂದೆ ಇರಿಸಿಕೊಳ್ಳುತ್ತಾನೆ. ಪಟ್ಟಿಯನ್ನು ರೈಫಲಿನ ಒಂದೇ ಕಡೆ ಬಿಗಿದರೆ ಅದನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುವುದು ಸುಲಭ; ಆದರೆ ಓಡುವಾಗ ಅದು ಕಾಲಿಗೆ ಬಡಿಯುತ್ತದೆ. ಎರಡು ಕಡೆ ಬಿಗಿದರೆ ಅದು ಮೈಗಂಟಿ ನಿಲ್ಲುತ್ತದೆ. ಬೆಟ್ಟ ಹತ್ತಲು, ಗಾಯಾಳುವನ್ನು ಎತ್ತಲು ಕೈಗಳೆರಡೂ ಬಿಡುವಾಗುತ್ತವೆ. ಪಟ್ಟಿಯು ಮೊದಲು ಚರ್ಮದ್ದು, ಅನಂತರ ಹತ್ತಿಯದು, ಈಗ ಹೆಚ್ಚಾಗಿ ನೈಲಾನಿನದು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯವರಿಗೆ ನೇಯ್ಗೆಯ ಬಲವನ್ನು ವಿವರಿಸಬೇಕಾಗಿಲ್ಲ.

ಧರಿಸುವ ಕ್ರಮವೂ ಮುಖ್ಯ. ಮೊದಲು ಕವಚ, ಅದರ ಮೇಲೆ ಪಟ್ಟಿ. ಪಟ್ಟಿಯು ಕವಚದ ಅಡಿಯಲ್ಲಿ ಸಿಕ್ಕಿಕೊಂಡರೆ ರೈಫಲನ್ನು ಬೇಗ ಕಳಚಲಾಗದು. ಯೋಧನು ಗಾಯಗೊಂಡಾಗ ಸಂಗಡಿಗರು ಪಟ್ಟಿಯನ್ನು ಬಿಡಿಸಿ, ಕವಚವನ್ನು ತೆಗೆದು, ರಕ್ತಸ್ರಾವವನ್ನು ತಡೆಯಬೇಕು. ಅಲ್ಲಿನ ವಿಳಂಬವು ಪ್ರಾಣಕ್ಕೇ ಎರವಾಗಬಹುದು.

ಸಾಲಿನಲ್ಲಿ ನಡೆಯುವಾಗ ನಳಿಗೆಯು ಸಂಗಡಿಗನತ್ತ ತಿರುಗಕೂಡದು; ಗುರಿಯಿಡುವವರೆಗೂ ಬೆರಳು ಕುದುರೆಯನ್ನು ಮುಟ್ಟಕೂಡದು. ಕವಚವು ತನ್ನನ್ನು ಧರಿಸಿದವನನ್ನು ಕಾಯುತ್ತದೆ; ಜೊತೆಗಾರನನ್ನು ಕಾಯುವುದು ಈ ಎಚ್ಚರಿಕೆಯೇ.