ಬೆನ್ನುಹುರಿಯ ಪೆಟ್ಟು ಮತ್ತು ರಕ್ತಪರೀಕ್ಷೆ

ಮರದಿಂದ ಬಿದ್ದ ಅಥವಾ ವಾಹನ ಅಪಘಾತಕ್ಕೆ ಗುರಿಯಾದ ವ್ಯಕ್ತಿಯ ಕಾಲುಗಳು ಚಲನೆ ಕಳೆದುಕೊಂಡಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ಮತ್ತೆ ನಡೆಯುವರೇ ಎಂಬುದು. ಮೊದಲ ದಿನವೇ ಇದಕ್ಕೆ ಖಚಿತವಾಗಿ ಉತ್ತರಿಸುವುದು ವೈದ್ಯರಿಗೂ ಕಷ್ಟ.

ಸ್ಪರ್ಶಜ್ಞಾನ ಹಾಗೂ ಸ್ನಾಯುಬಲಗಳನ್ನು ಪರೀಕ್ಷಿಸಿ ಪೆಟ್ಟನ್ನು 'ಎ'ಯಿಂದ 'ಇ'ವರೆಗಿನ ಐದು ಶ್ರೇಣಿಗಳಲ್ಲಿ ಗುರುತಿಸುವುದು ರೂಢಿಯಲ್ಲಿರುವ ಕ್ರಮ. 'ಎ' ಎಂದರೆ ಸಂಪೂರ್ಣ ಹಾನಿ, 'ಇ' ಎಂದರೆ ಸಹಜ ಸ್ಥಿತಿ. ಎಂ.ಆರ್.ಐ. ಚಿತ್ರವೂ ನೆರವಾಗುತ್ತದೆ. ಆದರೆ ಪ್ರಜ್ಞೆ ತಪ್ಪಿದವರು, ಕೃತಕ ಉಸಿರಾಟದಲ್ಲಿರುವವರು ಸೂಜಿ ಚುಚ್ಚಿದ್ದು ತಿಳಿಯಿತೇ ಎಂಬ ಪ್ರಶ್ನೆಗೆ ಉತ್ತರಿಸಲಾರರು. ಅಲ್ಲದೆ ಪೆಟ್ಟಾದ ಕೂಡಲೇ ಬೆನ್ನುಹುರಿಯು ಆಘಾತಸ್ಥಿತಿಗೆ ಇಳಿಯುವುದರಿಂದ, ಉಳಿದಿರುವ ಶಕ್ತಿಯೂ ಕೆಲವು ದಿನ ಮರೆಯಾಗಿರಬಹುದು.

ಈ ಕಾರಣದಿಂದಲೇ ಸಂಶೋಧಕರ ದೃಷ್ಟಿ ರಕ್ತದತ್ತ ಹರಿದಿದೆ. ಜೀವಕೋಶಗಳು ಒಡೆದಾಗ ಅವುಗಳೊಳಗಿನ ಪ್ರೋಟೀನುಗಳು ಮೊದಲು ಬೆನ್ನುಹುರಿಯ ಸುತ್ತಲಿನ ದ್ರವಕ್ಕೂ, ಅಲ್ಲಿಂದ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಸೇರುತ್ತವೆ. ನರಕೋಶಗಳಿಗೆ ಆಸರೆಯಾದ ಕೋಶಗಳಲ್ಲಿರುವ ಜಿ.ಎಫ್.ಎ.ಪಿ. ಎಂಬ ಪ್ರೋಟೀನು ಕೆಲವೇ ಗಂಟೆಗಳಲ್ಲಿ ಏರಿ, ದಿನಗಳಲ್ಲಿ ಇಳಿಯತೊಡಗುತ್ತದೆ. ನರತಂತುವಿಗೆ ಹಂದರದಂತಿರುವ ನ್ಯೂರೋಫಿಲಮೆಂಟ್ ನಿಧಾನವಾಗಿ ಏರಿ ವಾರಗಳ ಕಾಲ ಉಳಿಯುತ್ತದೆ. ಆದ್ದರಿಂದ ರಕ್ತವನ್ನು ಯಾವ ಹೊತ್ತಿನಲ್ಲಿ ತೆಗೆಯಲಾಯಿತು ಎಂಬುದು ಬಹು ಮುಖ್ಯ.

2010ರಲ್ಲಿ ಕೆನಡಾದ ವ್ಯಾಂಕೂವರಿನ ಸಂಶೋಧಕರು, ಗಾಯವಾದ 24 ಗಂಟೆಗಳ ಬಳಿಕ ಬೆನ್ನುಹುರಿಯ ದ್ರವದಲ್ಲಿರುವ ಇಂತಹ ಪ್ರೋಟೀನುಗಳ ಪ್ರಮಾಣವು ಪೆಟ್ಟಿನ ಶ್ರೇಣಿಗೆ ಅನುಗುಣವಾಗಿರುವುದನ್ನು ತೋರಿಸಿದರು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ತದಲ್ಲಿ ನ್ಯೂರೋಫಿಲಮೆಂಟ್ ಹೆಚ್ಚಿದಷ್ಟೂ ಚೇತರಿಕೆ ಕಡಿಮೆ ಎಂದು ಕಂಡುಕೊಂಡಿತು.

ತೊಡಕುಗಳೂ ಅಲ್ಪವಲ್ಲ. ಹಿಂದೆ ಬಹಳ ನೆಚ್ಚಿದ್ದ ಎಸ್-100-ಬಿ ಕೊಬ್ಬಿನ ಅಂಗಾಂಶದಲ್ಲಿಯೂ ಇರುವುದರಿಂದ, ಬೇರೆಡೆ ಗಾಯಗಳಾದವರಲ್ಲಿ ಅದು ದಾರಿ ತಪ್ಪಿಸಬಲ್ಲದು. ಎನ್.ಎಸ್.ಇ. ಎಂಬುದು ಕೆಂಪು ರಕ್ತಕಣಗಳಲ್ಲಿಯೂ ಇದೆ. ಸಂಗ್ರಹಿಸುವಾಗ ಕಣಗಳು ಒಡೆದರೆ ಲೆಕ್ಕ ಸುಳ್ಳಾಗುತ್ತದೆ. ವಯಸ್ಸಾದಂತೆ ನ್ಯೂರೋಫಿಲಮೆಂಟ್ ತಾನಾಗಿಯೇ ಹೆಚ್ಚುತ್ತದೆ. ತಲೆಗೂ ಪೆಟ್ಟಾಗಿದ್ದರಂತೂ ಪ್ರೋಟೀನು ಮಿದುಳಿನದೋ ಬೆನ್ನುಹುರಿಯದೋ ಎಂದು ಬೇರ್ಪಡಿಸಲಾಗದು. ಅಪಘಾತಗಳಲ್ಲಿ ಇಂತಹ ಜೋಡಿ ಪೆಟ್ಟು ಅಪರೂಪವೇನಲ್ಲ.

ತಲೆಯ ಸೌಮ್ಯ ಪೆಟ್ಟಿನಲ್ಲಿ ಸಿ.ಟಿ. ಚಿತ್ರ ಬೇಕೇ ಎಂದು ನಿರ್ಧರಿಸಲು ನೆರವಾಗುವ ರಕ್ತಪರೀಕ್ಷೆಗೆ ಅಮೆರಿಕವು 2018ರಲ್ಲಿ ಅನುಮತಿ ನೀಡಿತು. ಬೆನ್ನುಹುರಿಯ ವಿಷಯದಲ್ಲಿ ಈ ಪರೀಕ್ಷೆಗಳು ಇನ್ನೂ ಸಂಶೋಧನೆಯ ಹಂತದಲ್ಲಿಯೇ ಇವೆ. ಹೊಸ ಔಷಧಗಳ ಪ್ರಯೋಗಕ್ಕೆ ಸಮಾನ ಹಾನಿಯುಳ್ಳ ರೋಗಿಗಳನ್ನು ಆರಿಸುವುದರಲ್ಲಿ ಅವುಗಳಿಂದ ಮೊದಲ ಪ್ರಯೋಜನ ದೊರೆಯಬಹುದು. ರೋಗಿಯ ಭವಿಷ್ಯವನ್ನು ಅಂದಾಜು ಮಾಡುವಲ್ಲಿ ವೈದ್ಯರು ಈಗಲೂ ಮುಖ್ಯವಾಗಿ ಅವಲಂಬಿಸುವುದು 72 ಗಂಟೆಗಳ ಹೊತ್ತಿಗೆ ನಡೆಸುವ ದೇಹಪರೀಕ್ಷೆಯನ್ನು ಹಾಗೂ ಮುಂದಿನ ತಿಂಗಳುಗಳಲ್ಲಿ ಅದರ ಪುನರಾವರ್ತನೆಯನ್ನು.